ಹಳೆಯ ಗಣಕಯಂತ್ರ ಚಾಲೂ ಆಗದಿದ್ದರೆ ಏನು ಮಾಡಬೇಕು?

ಹಾಲು ಉತ್ಪಾದಕರ ಸಂಘ, ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ, ಹಳ್ಳಿಯ ಶಾಲೆ, ಅಡಿಕೆ ಮಂಡಿ, ಅಷ್ಟೇಕೆ, ಹಲವು ರೈತರ ಮನೆಯ ಪಡಸಾಲೆಯ ಮೂಲೆಯಲ್ಲಿಯೂ ಇಂದು ಹತ್ತು ಹದಿನೈದು ವರ್ಷ ಹಳೆಯದಾದ ಗಣಕಯಂತ್ರಗಳನ್ನು ಕಾಣಬಹುದು. ಮೇಜಿನ ಮೇಲೆ ತೆರೆ, ಕೆಳಗೆ ತಗಡಿನ ಪೆಟ್ಟಿಗೆ ಇರುವ ಈ ಯಂತ್ರಗಳಿಗೆ ಡೆಸ್ಕ್‌ಟಾಪ್ ಕಂಪ್ಯೂಟರ್ ಎಂದು ಹೆಸರು. ಮಗನ ಓದಿಗೆಂದು ತಂದದ್ದು ತೋಟದ ಲೆಕ್ಕಕ್ಕೆ ಬಂದಿರುತ್ತದೆ. ಸಂಘದಲ್ಲಿ ಹಾಲಿನ ಅಳತೆ, ಬಟವಾಡೆ, ಸದಸ್ಯರ ಷೇರು, ಸಾಲ ಎಲ್ಲವೂ ಅದರೊಳಗೆ ಸೇರಿರುತ್ತವೆ.

ಇಂಥ ಯಂತ್ರ ಒಂದು ದಿನ ಬೆಳಿಗ್ಗೆ ಗುಂಡಿ ಒತ್ತಿದರೂ ಚಾಲೂ ಆಗುವುದಿಲ್ಲ. ಆಗ ಸಾಮಾನ್ಯವಾಗಿ ಕೇಳಿಬರುವ ಮಾತು "ಮದರ್‌ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಎಂಬುದು. ಯಂತ್ರ ಗುಜರಿಗೆ ಹೋಗುತ್ತದೆ. ಅದರೊಡನೆ ಹಲವು ವರ್ಷಗಳ ಲೆಕ್ಕಪತ್ರವೂ ಹೋಗುತ್ತದೆ. ಆದರೆ ಎಷ್ಟೋ ಸಲ ತೊಂದರೆ ಇರುವುದು ಸಡಿಲವಾದ ಒಂದು ತಂತಿಯಲ್ಲಿ, ಸತ್ತ ಯು.ಪಿ.ಎಸ್. ಬ್ಯಾಟರಿಯಲ್ಲಿ, ಇಲ್ಲವೇ ಧೂಳು ಹಿಡಿದ ಒಂದು ಪಟ್ಟಿಯಲ್ಲಿ. ಇವನ್ನು ಕಂಡುಹಿಡಿಯಲು ದೊಡ್ಡ ವಿದ್ಯೆ ಬೇಕಾಗಿಲ್ಲ. ವಿದ್ಯುತ್ತಿನ ದಾರಿಯನ್ನು ಗೋಡೆಯಿಂದ ಆರಂಭಿಸಿ ಒಳಕ್ಕೆ ಹಿಡಿದುಕೊಂಡು ಹೋಗಬೇಕು. ಒಂದು ಸಲಕ್ಕೆ ಒಂದೇ ಹೆಜ್ಜೆ ಇಡಬೇಕು. ಹೋದದ್ದು ಯಾವುದೆಂದು ತಿಳಿಯುವ ಮೊದಲು ಯಾವ ಭಾಗವನ್ನೂ ಕೊಳ್ಳಬಾರದು. ಈ ಲೇಖನದ ಸಾರವೆಲ್ಲಾ ಇಷ್ಟೇ.

ಯಂತ್ರದೊಳಗೆ ವಿದ್ಯುತ್ತು ಸಾಗುವ ದಾರಿ

ಗೋಡೆಯ ಪ್ಲಗ್ಗಿನಿಂದ ಬರುವುದು 230 ವೋಲ್ಟಿನ ವಿದ್ಯುತ್ತು. ಅದು ಯು.ಪಿ.ಎಸ್. ಅಥವಾ ಎಕ್ಸ್‌ಟೆನ್ಷನ್ ಬೋರ್ಡನ್ನು ದಾಟಿ, ಕಪ್ಪು ಕೇಬಲ್ಲಿನ ಮೂಲಕ ಪೆಟ್ಟಿಗೆಯ ಹಿಂಭಾಗವನ್ನು ಸೇರುತ್ತದೆ. ಅಲ್ಲಿ ಇನ್ನೊಂದು ಚಿಕ್ಕ ತಗಡಿನ ಪೆಟ್ಟಿಗೆ ಇದೆ. ಇದನ್ನು ಅಂಗಡಿಯವರು ಎಸ್.ಎಂ.ಪಿ.ಎಸ್. ಎನ್ನುತ್ತಾರೆ. ಇದು 230 ವೋಲ್ಟನ್ನು ತಗ್ಗಿಸಿ 12, 5 ಮತ್ತು 3.3 ವೋಲ್ಟಿನ ನೇರ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಅಲ್ಲಿಂದ ಹೊರಡುವ ಬಣ್ಣಬಣ್ಣದ ತಂತಿಗಳು ಮದರ್‌ಬೋರ್ಡ್ ಎಂಬ ದೊಡ್ಡ ಹಲಗೆಗೂ, ಮಾಹಿತಿ ಕೂಡಿಡುವ ಹಾರ್ಡ್ ಡಿಸ್ಕಿಗೂ, ಫ್ಯಾನುಗಳಿಗೂ ಹೋಗುತ್ತವೆ.

ಮುಂಭಾಗದ ಗುಂಡಿಯ ಕೆಲಸವನ್ನು ಅರಿಯಲು ಪಂಪ್‌ಸೆಟ್ಟಿನ ಸ್ಟಾರ್ಟರನ್ನು ನೆನಪಿಸಿಕೊಳ್ಳಿ. ಸ್ಟಾರ್ಟರಿನ ಹಸಿರು ಗುಂಡಿಯ ಮೂಲಕ ಮೋಟಾರಿನ ಪೂರ್ತಿ ಕರೆಂಟು ಹರಿಯುವುದಿಲ್ಲ. ಗುಂಡಿ ಒತ್ತಿದಾಗ ಒಳಗಿನ ನೋ-ವೋಲ್ಟ್ ಕಾಯಿಲ್ ಚೇತನಗೊಂಡು ಕಾಂಟ್ಯಾಕ್ಟುಗಳನ್ನು ಎಳೆದು ಕೂಡಿಸುತ್ತದೆ, ಮೋಟಾರು ತಿರುಗುತ್ತದೆ. ಗಣಕಯಂತ್ರದ ಗುಂಡಿಯೂ ಹೀಗೆಯೇ. 1995ರಲ್ಲಿ ಇಂಟೆಲ್ ಕಂಪನಿ ಪ್ರಕಟಿಸಿದ ಎ.ಟಿ.ಎಕ್ಸ್. ವಿನ್ಯಾಸದಲ್ಲಿ ಈ ಗುಂಡಿ ಮದರ್‌ಬೋರ್ಡಿಗೆ ಒಂದು ಸೂಚನೆ ಕೊಡುತ್ತದೆ, ಮದರ್‌ಬೋರ್ಡ್ ಎಸ್.ಎಂ.ಪಿ.ಎಸ್.ಗೆ ಅಪ್ಪಣೆ ಕೊಡುತ್ತದೆ. ಈ ಅಪ್ಪಣೆ ಸಾಗಲೆಂದು ಎಸ್.ಎಂ.ಪಿ.ಎಸ್. ಸದಾ ಕಾಲ 5 ವೋಲ್ಟಿನ ಕಾವಲು ವಿದ್ಯುತ್ತನ್ನು ಕೊಡುತ್ತಿರುತ್ತದೆ. ಆದ್ದರಿಂದ ಯಂತ್ರ ಬಂದ್ ಆಗಿದ್ದರೂ, ಪ್ಲಗ್ಗು ಹಾಕಿರುವ ತನಕ ಒಳಗೆ ವಿದ್ಯುತ್ತು ಇದ್ದೇ ಇರುತ್ತದೆ ಎಂಬುದನ್ನು ಮರೆಯಬಾರದು.

ಮೊದಲು ಲಕ್ಷಣವನ್ನು ಗುರುತಿಸಿ

ಎಲೆ ಹಳದಿಯಾದ ಕೂಡಲೇ ಔಷಧಿ ಸಿಂಪಡಿಸುವವನು ಜಾಣ ರೈತನಲ್ಲ. ಹಳದಿಯಾದದ್ದು ಎಳೆಯ ಎಲೆಯೋ ಬಲಿತ ಎಲೆಯೋ ಎಂದು ಅವನು ಮೊದಲು ನೋಡುತ್ತಾನೆ. ಇಲ್ಲಿಯೂ ಹಾಗೆಯೇ. "ಚಾಲೂ ಆಗುತ್ತಿಲ್ಲ" ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಸ್ಥಿತಿಗಳು ಅಡಗಿವೆ.

1. ಯಂತ್ರ ಪೂರ್ತಿ ಸ್ತಬ್ಧ. ದೀಪವಿಲ್ಲ, ಸದ್ದಿಲ್ಲ, ಫ್ಯಾನು ತಿರುಗುವುದಿಲ್ಲ.
2. ದೀಪ ಬರುತ್ತದೆ, ಫ್ಯಾನು ತಿರುಗುತ್ತದೆ; ಆದರೆ ತೆರೆ ಕಪ್ಪಾಗಿಯೇ ಇರುತ್ತದೆ.
3. ಯಂತ್ರ ಚಾಲೂ ಆಗಿ ಕೆಲವು ಕ್ಷಣಗಳಲ್ಲಿ ತಾನಾಗಿಯೇ ನಿಲ್ಲುತ್ತದೆ.

ಮೊದಲನೆಯದರಲ್ಲಿ ದೋಷವು ಹೆಚ್ಚಾಗಿ ವಿದ್ಯುತ್ತಿನ ದಾರಿಯಲ್ಲಿರುತ್ತದೆ. ಎರಡನೆಯದರಲ್ಲಿ ತೆರೆ, ಅದರ ಕೇಬಲ್ಲು ಅಥವಾ ಮದರ್‌ಬೋರ್ಡಿಗೆ ಸಿಕ್ಕಿಸಿರುವ ಭಾಗಗಳಲ್ಲಿರುತ್ತದೆ. ಮೂರನೆಯದಕ್ಕೆ ಶಾಖ, ಶಾರ್ಟ್ ಅಥವಾ ದುರ್ಬಲಗೊಂಡ ಎಸ್.ಎಂ.ಪಿ.ಎಸ್. ಕಾರಣವಾಗಿರಬಹುದು. ನಿಮ್ಮ ಯಂತ್ರದ ಸ್ಥಿತಿ ಯಾವುದೆಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ದುರಸ್ತಿ ಅಂಗಡಿಗೆ ಹೋಗಬೇಕಾಗಿ ಬಂದರೂ ಈ ಚೀಟಿ ಉಪಯೋಗಕ್ಕೆ ಬರುತ್ತದೆ.

ಪೆಟ್ಟಿಗೆ ತೆರೆಯದೆ ಮಾಡುವ ಪರೀಕ್ಷೆಗಳು

ಗೋಡೆಯ ಪ್ಲಗ್ಗು: ಗಣಕಯಂತ್ರದ ಪ್ಲಗ್ಗನ್ನು ತೆಗೆದು ಅದೇ ಜಾಗಕ್ಕೆ ಒಂದು ಟೇಬಲ್ ಫ್ಯಾನು ಹಾಕಿ ನೋಡಿ. ಫ್ಯಾನು ಎಂದಿನ ವೇಗದಲ್ಲಿ ತಿರುಗಬೇಕು. ನಿಧಾನವಾಗಿ ತಿರುಗಿದರೆ ವೋಲ್ಟೇಜು ಕಡಿಮೆ ಇದೆ ಎಂದರ್ಥ. ಎಲ್.ಇ.ಡಿ. ಬಲ್ಬಿನಿಂದ ಇದು ತಿಳಿಯುವುದಿಲ್ಲ; ಅದು ಕಡಿಮೆ ವೋಲ್ಟೇಜಿನಲ್ಲಿಯೂ ಚೆನ್ನಾಗಿಯೇ ಉರಿಯಬಹುದು. ಟೆಸ್ಟರಿನ ದೀಪವನ್ನೂ ಪೂರ್ತಿ ನಂಬಬಾರದು. ಫೇಸ್ ಇದ್ದರೆ ಅದು ಉರಿಯುತ್ತದೆ, ನ್ಯೂಟ್ರಲ್ ತುಂಡಾಗಿದ್ದರೆ ತಿಳಿಸುವುದಿಲ್ಲ.

ಯು.ಪಿ.ಎಸ್.: ಸಂಘದ ಕಚೇರಿಗಳಲ್ಲಿ ಯಂತ್ರ ಸತ್ತಂತೆ ತೋರುವುದಕ್ಕೆ ಬಹಳ ಸಲ ಇದೇ ಕಾರಣ. ಚಿಕ್ಕ ಯು.ಪಿ.ಎಸ್.ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಗಂಟೆಯ ಒಂದು ಮುಚ್ಚಿದ ಬ್ಯಾಟರಿ ಇರುತ್ತದೆ. ಇದರ ಬಾಳಿಕೆ ಎರಡು ಮೂರು ವರ್ಷ. ಬ್ಯಾಟರಿ ಸತ್ತರೆ ಕೆಲವು ಯು.ಪಿ.ಎಸ್.ಗಳು ಕರೆಂಟು ಇದ್ದರೂ ಚಾಲೂ ಆಗುವುದಿಲ್ಲ. ಆದ್ದರಿಂದ ಯು.ಪಿ.ಎಸ್. ಮತ್ತು ಎಕ್ಸ್‌ಟೆನ್ಷನ್ ಬೋರ್ಡುಗಳನ್ನು ಬದಿಗಿಟ್ಟು, ಗಣಕಯಂತ್ರದ ಕೇಬಲ್ಲನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕಿ ನೋಡಿ. ಯಂತ್ರ ಚಾಲೂ ಆದರೆ ಕೊಳ್ಳಬೇಕಾದ್ದು ಒಂದು ಬ್ಯಾಟರಿ ಮಾತ್ರ.

ಕೇಬಲ್ಲು: ತೆರೆಗೂ ಪೆಟ್ಟಿಗೆಗೂ ಬಳಸುವ ಕಪ್ಪು ಕೇಬಲ್ಲುಗಳು ಸಾಮಾನ್ಯವಾಗಿ ಒಂದೇ ಬಗೆಯವು. ಅವೆರಡನ್ನೂ ಅದಲುಬದಲು ಮಾಡಿ ನೋಡಿ. ಪೆಟ್ಟಿಗೆಯ ಬದಲು ತೆರೆಯ ದೀಪ ಆರಿದರೆ ಕೇಬಲ್ಲಿನಲ್ಲೇ ದೋಷವಿದೆ. ಇಲಿ ಕಡಿದ ಗುರುತು ಇರುವ ಕೇಬಲ್ಲಿಗೆ ಟೇಪು ಸುತ್ತಿ ಬಳಸಬೇಡಿ; ಬದಲಿಸಿ.

ಹಿಂಭಾಗದ ಸ್ವಿಚ್ಚು: ಎಸ್.ಎಂ.ಪಿ.ಎಸ್.ನ ಹಿಂಬದಿಯಲ್ಲಿ ಒಂದು ಸಣ್ಣ ಸ್ವಿಚ್ಚು ಇರುವುದುಂಟು. ಗುಡಿಸುವಾಗ, ಒರೆಸುವಾಗ ಕೈ ತಗುಲಿ ಅದು ಬಂದ್ ಆಗಿರಬಹುದು. ಗೆರೆಯ ಗುರುತು ಇರುವ ಕಡೆಗೆ ಒತ್ತಿದರೆ ಚಾಲೂ, ಸೊನ್ನೆಯ ಕಡೆಗೆ ಒತ್ತಿದರೆ ಬಂದ್.

ಕೆಂಪು ಸ್ವಿಚ್ಚು: ಕೆಲವು ಹಳೆಯ ಯಂತ್ರಗಳಲ್ಲಿ 115 ಮತ್ತು 230 ಎಂದು ಬರೆದ ಕೆಂಪು ಸ್ವಿಚ್ಚು ಇರುತ್ತದೆ. ನಮ್ಮ ದೇಶದಲ್ಲಿ ಅದು 230ರಲ್ಲಿಯೇ ಇರಬೇಕು. ಮಕ್ಕಳು ಆಟಕ್ಕೆ 115ಕ್ಕೆ ತಳ್ಳಿದ್ದರೆ, ಚಾಲೂ ಮಾಡಿದ ಕೂಡಲೇ ಎಸ್.ಎಂ.ಪಿ.ಎಸ್. ಸುಟ್ಟುಹೋಗುತ್ತದೆ. ಇದನ್ನು ನೋಡಿಯೇ ಪ್ಲಗ್ಗು ಹಾಕತಕ್ಕದ್ದು.

ತೆರೆ: ತೆರೆಗೆ ಬೇರೆಯೇ ಗುಂಡಿ, ಬೇರೆಯೇ ದೀಪ ಇರುತ್ತವೆ. ಪೆಟ್ಟಿಗೆಯ ಫ್ಯಾನು ತಿರುಗುತ್ತಿದ್ದು ತೆರೆಯ ದೀಪ ಆರಿದ್ದರೆ ತೆರೆಗೆ ಕರೆಂಟು ಬರುತ್ತಿಲ್ಲ. ತೆರೆಯ ಮೇಲೆ "ಸಿಗ್ನಲ್ ಇಲ್ಲ" ಎಂಬ ಅರ್ಥದ ಬರಹ ಬಂದರೆ ತೆರೆ ಸರಿಯಾಗಿದೆ. ಎರಡನ್ನೂ ಸೇರಿಸುವ ಕೇಬಲ್ಲಿನ ಸ್ಕ್ರೂಗಳನ್ನು ಬಿಗಿ ಮಾಡಿ ನೋಡಿ.

ಕೊನೆಯದಾಗಿ ಒಂದು ಸುಲಭ ಚಿಕಿತ್ಸೆ. ಪ್ಲಗ್ಗು ಕಿತ್ತುಹಾಕಿ, ಮುಂಭಾಗದ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಐದು ನಿಮಿಷ ಬಿಟ್ಟು ಮತ್ತೆ ಪ್ಲಗ್ಗು ಹಾಕಿ ಚಾಲೂ ಮಾಡಿ. ವೋಲ್ಟೇಜಿನ ಏರಿಳಿತದಿಂದ ಎಸ್.ಎಂ.ಪಿ.ಎಸ್. ತನ್ನ ರಕ್ಷಣೆಗೆಂದು ತಾನೇ ಬಂದ್ ಆಗಿದ್ದರೆ ಇಷ್ಟರಿಂದಲೇ ಸರಿಹೋಗಬಹುದು.

ಪೆಟ್ಟಿಗೆ ತೆರೆಯುವ ಮುನ್ನ ಎಚ್ಚರಿಕೆ

ಹೊರಗೆ ಎಲ್ಲವೂ ಸರಿಯಿದ್ದರೆ ಮಾತ್ರ ಪೆಟ್ಟಿಗೆಯ ಪಕ್ಕದ ತಗಡನ್ನು ಬಿಚ್ಚಬಹುದು. ಆದರೆ ಈ ಕೆಳಗಿನ ಮಾತುಗಳನ್ನು ಚಾಚೂ ತಪ್ಪದೆ ಪಾಲಿಸಬೇಕು.

1. ಪ್ಲಗ್ಗನ್ನು ಗೋಡೆಯಿಂದ ಪೂರ್ತಿ ಕೀಳಿ. ಸ್ವಿಚ್ಚು ಆರಿಸಿದರೆ ಸಾಲದು. ನಂತರ ಮುಂಭಾಗದ ಗುಂಡಿಯನ್ನು ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಹೋಗಲಾಡಿಸಿ.
2. ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಅದರೊಳಗಿನ ದೊಡ್ಡ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಮೇಲ್ಪಟ್ಟ ವಿದ್ಯುತ್ತು ತುಂಬಿರುತ್ತದೆ. ಪ್ಲಗ್ಗು ಕಿತ್ತ ಮೇಲೂ ಅದು ಕೆಲ ಕಾಲ ಉಳಿಯಬಹುದು. ಅದರ ಏಟು ಪ್ರಾಣಾಂತಿಕ.
3. ಹಳೆಯ ಟಿ.ವಿ.ಯಂತೆ ಹಿಂದೆ ಉಬ್ಬಿದ ಗಾಜಿನ ತೆರೆಯನ್ನೂ ಬಿಚ್ಚಬೇಡಿ. ಅದರೊಳಗಿನ ವೋಲ್ಟೇಜು ಸಾವಿರಗಳ ಲೆಕ್ಕದ್ದು.
4. ತೊಂಬತ್ತರ ದಶಕದ ತೀರಾ ಹಳೆಯ ಯಂತ್ರಗಳಲ್ಲಿ ಮುಂಭಾಗದ ಗುಂಡಿಗೇ 230 ವೋಲ್ಟಿನ ತಂತಿ ಬಂದಿರುತ್ತದೆ. ಗುಂಡಿಗೆ ದಪ್ಪನೆಯ ಕೇಬಲ್ಲು ಹೋಗಿರುವುದು ಕಂಡರೆ ಅಂಥ ಯಂತ್ರವನ್ನು ತಿಳಿದವರಿಗೇ ಬಿಡಿ.
5. ಒಳಗೆ ಕೈ ಹಾಕುವ ಮುನ್ನ ಪೆಟ್ಟಿಗೆಯ ಬಣ್ಣವಿಲ್ಲದ ತಗಡನ್ನು ಮುಟ್ಟಿ. ನೈಲಾನ್, ಉಣ್ಣೆ ಬಟ್ಟೆಗಳಿಂದ ಮೈಮೇಲೆ ಸೇರುವ ಸ್ಥಿರ ವಿದ್ಯುತ್ತು ನಮಗೆ ತಿಳಿಯದಷ್ಟು ಅಲ್ಪವಾದರೂ ಒಳಗಿನ ಚಿಪ್ಪುಗಳನ್ನು ಕೆಡಿಸಬಲ್ಲದು.
6. ಒದ್ದೆ ಕೈ, ಒದ್ದೆ ನೆಲ ಬೇಡ. ಕಾಲಿಗೆ ಚಪ್ಪಲಿ ಇರಲಿ.

ಒಳಗಿನ ಪರೀಕ್ಷೆಗಳು

ತಗಡು ಬಿಚ್ಚಿದ ಕೂಡಲೇ ಏನನ್ನೂ ಕೀಳಬೇಡಿ. ಮೊದಲು ಕಣ್ಣಿನಿಂದ ನೋಡಿ, ಮೂಗಿನಿಂದ ವಾಸನೆ ಹಿಡಿಯಿರಿ. ಮೊಬೈಲ್ ಫೋನಿನಲ್ಲಿ ಎರಡು ಮೂರು ಚಿತ್ರ ತೆಗೆದಿಟ್ಟುಕೊಂಡರೆ ಯಾವ ತಂತಿ ಎಲ್ಲಿತ್ತು ಎಂಬ ಗೊಂದಲ ಬಾರದು.

ಧೂಳು ಮತ್ತು ಜೀವಿಗಳು: ಹಳ್ಳಿಯ ಯಂತ್ರಗಳಲ್ಲಿ ಧೂಳಿನ ಜೊತೆಗೆ ಜೇಡರ ಬಲೆ, ಇರುವೆ ಗೂಡು, ಜಿರಳೆ, ಹಲ್ಲಿ, ಕುಂಬಾರ ಹುಳುವಿನ ಮಣ್ಣಿನ ಗೂಡು ಎಲ್ಲವೂ ಸಿಗುತ್ತವೆ. ಬೆಚ್ಚನೆಯ ಜಾಗ ಅವಕ್ಕೆ ಇಷ್ಟ. ಹಲ್ಲಿಯ ಮೈ ಎರಡು ಬಿಂದುಗಳ ನಡುವೆ ತಗುಲಿ ಶಾರ್ಟ್ ಆಗುವುದು ಸಾಮಾನ್ಯ. ಮೆತ್ತನೆಯ ಒಣ ಬ್ರಷ್ಷಿನಿಂದ ನಿಧಾನವಾಗಿ ಧೂಳು ತೆಗೆಯಿರಿ. ಬಾಯಿಂದ ಊದಿದರೆ ಎಂಜಲಿನ ತೇವ ಸೇರುತ್ತದೆ. ಒದ್ದೆ ಬಟ್ಟೆ, ಸೀಮೆಎಣ್ಣೆ ತಾಗಿಸಬೇಡಿ.

ತಂತಿಗಳ ಜೋಡಣೆ: ಎಸ್.ಎಂ.ಪಿ.ಎಸ್.ನಿಂದ ಮದರ್‌ಬೋರ್ಡಿಗೆ 20 ಅಥವಾ 24 ತಂತಿಗಳ ದೊಡ್ಡ ಜೋಡಣೆಯೊಂದು, ಸಾಮಾನ್ಯವಾಗಿ 4 ತಂತಿಗಳ ಚಿಕ್ಕ ಜೋಡಣೆಯೊಂದು ಇರುತ್ತವೆ. ಎರಡನ್ನೂ ಬಿಡಿಸಿ ಮತ್ತೆ "ಟಕ್" ಎನ್ನುವವರೆಗೆ ಒತ್ತಿ. ಚಿಕ್ಕದು ಸಡಿಲವಾಗಿದ್ದರೆ ಫ್ಯಾನು ತಿರುಗಿದರೂ ಯಂತ್ರ ಕೆಲಸ ಮಾಡುವುದಿಲ್ಲ. ಇಲಿ ಕಡಿದ ತಂತಿ ಇದೆಯೇ ಎಂದೂ ನೋಡಿ.

ಕೆಪಾಸಿಟರುಗಳು: ಮದರ್‌ಬೋರ್ಡಿನ ಮೇಲೆ ಚಿಕ್ಕ ಡಬ್ಬಿಗಳಂತೆ ನಿಂತಿರುವ ಇವುಗಳ ತಲೆ ಸಪಾಟಾಗಿರಬೇಕು. ತಲೆ ಉಬ್ಬಿದ್ದರೆ, ಕಂದು ಬಣ್ಣದ ರಸ ಸೋರಿದ್ದರೆ ಅವು ಕೆಟ್ಟಿವೆ. 2000ದ ಆಸುಪಾಸಿನ ಕೆಲವು ವರ್ಷಗಳಲ್ಲಿ ತಯಾರಾದ ಬಹಳಷ್ಟು ಯಂತ್ರಗಳಲ್ಲಿ ಕಳಪೆ ಕೆಪಾಸಿಟರುಗಳು ಸೇರಿಕೊಂಡು ಪ್ರಪಂಚದಾದ್ಯಂತ ಈ ತೊಂದರೆ ಕಾಣಿಸಿಕೊಂಡಿತ್ತು. ಬೆಸುಗೆ ಕೆಲಸ ಬಲ್ಲವರು ಇವನ್ನು ಬದಲಿಸಬಲ್ಲರು.

ರ್‍ಯಾಮ್ ಪಟ್ಟಿ: ಗೇಣುದ್ದಕ್ಕಿಂತ ಚಿಕ್ಕದಾದ ಈ ಪಟ್ಟಿ ಮದರ್‌ಬೋರ್ಡಿನ ಸಂದಿಯಲ್ಲಿ ನೆಟ್ಟಗೆ ನಿಂತಿರುತ್ತದೆ. ತೇವದ ಹವೆಯಲ್ಲಿ ಇದರ ಅಂಚಿನ ಹೊಂಬಣ್ಣದ ಗೆರೆಗಳಿಗೆ ಕಿಲುಬು ಕಟ್ಟುತ್ತದೆ. ಎರಡೂ ಬದಿಯ ಹಿಡಿಕೆಗಳನ್ನು ಬಿಡಿಸಿ ಪಟ್ಟಿಯನ್ನು ಹೊರತೆಗೆದು, ಆ ಗೆರೆಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಕೊಡವಿ, ಮತ್ತೆ ಅದೇ ಸಂದಿಯಲ್ಲಿ ಕೂರಿಸಿ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿ. ಫ್ಯಾನು ತಿರುಗಿ ತೆರೆ ಕಪ್ಪಾಗಿರುವ ಯಂತ್ರಗಳಲ್ಲಿ ಮೊದಲು ಮಾಡಬೇಕಾದ ಕೆಲಸ ಇದು.

ಗುಂಡಿ ಸೆಲ್: ಕೈಗಡಿಯಾರದ ಸೆಲ್ಲಿನಂತೆ ದುಂಡಗಿರುವ 3 ವೋಲ್ಟಿನ ಸೆಲ್ ಒಂದು ಮದರ್‌ಬೋರ್ಡಿನಲ್ಲಿದೆ. ಅದರ ಮೇಲೆ ಸಿ.ಆರ್. 2032 ಎಂದು ಬರೆದಿರುತ್ತದೆ. ಅಂದರೆ ಅಡ್ಡಳತೆ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್. ಯಂತ್ರದ ದಿನಾಂಕ, ವೇಳೆ ಮತ್ತು ಮೂಲ ವ್ಯವಸ್ಥೆಯ ನೆನಪು ಉಳಿಯುವುದು ಇದರಿಂದ. ಯಂತ್ರ ಕೆಡುವ ಮೊದಲು ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ ಈ ಸೆಲ್ ಸತ್ತಿದೆ ಎಂದು ತಿಳಿಯಿರಿ. ಪ್ಲಗ್ಗು ಕಿತ್ತಿರುವಾಗ ಸೆಲ್ಲನ್ನು ಹೊರತೆಗೆದು ಹತ್ತು ನಿಮಿಷ ಬಿಟ್ಟು ಹೊಸದನ್ನು ಹಾಕಿ. ಕೆಲವು ಯಂತ್ರಗಳು ಇದರಿಂದಲೇ ಮತ್ತೆ ಚಾಲೂ ಆಗುತ್ತವೆ. ಹಳೆಯ ಸೆಲ್ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ನುಂಗಿದರೆ ಜೀವಕ್ಕೆ ಅಪಾಯ.

ಮುಂಭಾಗದ ಗುಂಡಿ: ಗುಂಡಿಯೇ ಕೆಟ್ಟಿರಬಹುದು. ಇದನ್ನು ತಿಳಿಯಲು ಒಂದು ಉಪಾಯವಿದೆ. ಪೆಟ್ಟಿಗೆಯ ಮೇಲೆ ರೀಸೆಟ್ ಎಂಬ ಇನ್ನೊಂದು ಚಿಕ್ಕ ಗುಂಡಿ ಇದ್ದರೆ, ಅದರ ತಂತಿಯನ್ನು ಮದರ್‌ಬೋರ್ಡಿನಲ್ಲಿ ಮುಖ್ಯ ಗುಂಡಿಯ ತಂತಿ ಇರುವ ಜಾಗಕ್ಕೆ ಸಿಕ್ಕಿಸಿ. ಈಗ ರೀಸೆಟ್ ಗುಂಡಿ ಒತ್ತಿದಾಗ ಯಂತ್ರ ಚಾಲೂ ಆದರೆ ಮುಖ್ಯ ಗುಂಡಿ ಕೆಟ್ಟಿದೆ. ಯಂತ್ರವನ್ನು ಹಾಗೆಯೇ ಬಳಸಿಕೊಂಡು ಹೋಗಬಹುದು.

ಇಷ್ಟಾದರೂ ಫಲ ಕಾಣದಿದ್ದರೆ ಯಂತ್ರದ ಭಾರವನ್ನು ಇಳಿಸಿ. ಪ್ಲಗ್ಗು ಕಿತ್ತು, ಹಾರ್ಡ್ ಡಿಸ್ಕು, ಸಿ.ಡಿ. ಭಾಗ, ಮುದ್ರಣಯಂತ್ರ, ಮೌಸು ಎಲ್ಲವುಗಳ ತಂತಿ ಬಿಡಿಸಿ. ಮದರ್‌ಬೋರ್ಡ್, ಒಂದು ರ್‍ಯಾಮ್ ಪಟ್ಟಿ, ತೆರೆ ಇಷ್ಟೇ ಉಳಿಯಲಿ. ಈಗ ಚಾಲೂ ಆದರೆ, ಒಂದೊಂದನ್ನೇ ಮತ್ತೆ ಸೇರಿಸುತ್ತಾ ಬನ್ನಿ. ಪ್ರತಿ ಸಲವೂ ಪ್ಲಗ್ಗು ಕಿತ್ತೇ ಸೇರಿಸಬೇಕು. ಯಾವುದನ್ನು ಸೇರಿಸಿದಾಗ ನಿಲ್ಲುತ್ತದೆಯೋ ಅದೇ ದೋಷದ ಮೂಲ.

ಎಸ್.ಎಂ.ಪಿ.ಎಸ್. ಕೆಟ್ಟಿದೆಯೆಂದು ತಿಳಿಯುವುದು ಹೇಗೆ?

ಹಳ್ಳಿಗಳಲ್ಲಿ ಹೆಚ್ಚಾಗಿ ಕೆಡುವ ಭಾಗಗಳಲ್ಲಿ ಇದೂ ಒಂದು. ಸಿಡಿಲು ಇದಕ್ಕೆ ಶತ್ರು. ಕಂಬದಲ್ಲಿ ನ್ಯೂಟ್ರಲ್ ತಂತಿ ತುಂಡಾದಾಗ ಮನೆಯ ವೋಲ್ಟೇಜು 300ನ್ನೂ ಮೀರಬಹುದು; ಅದೂ ಇದನ್ನು ಸುಡುತ್ತದೆ. ಸುಟ್ಟ ವಾಸನೆ ಬಂದರೆ, ಒಳಗೆ "ಟಪ್" ಎಂಬ ಸದ್ದಾಗಿದ್ದರೆ ಮತ್ತೆ ಚಾಲೂ ಮಾಡಲು ಹೋಗಬೇಡಿ.

ಹಲವು ಮದರ್‌ಬೋರ್ಡುಗಳಲ್ಲಿ ಪ್ಲಗ್ಗು ಹಾಕಿದೊಡನೆ ಉರಿಯುವ ಚಿಕ್ಕ ದೀಪವಿರುತ್ತದೆ. ಅದು ಉರಿಯುತ್ತಿದ್ದರೆ ಕಾವಲು ವಿದ್ಯುತ್ತು ಬರುತ್ತಿದೆ. ದೀಪವೇ ಇಲ್ಲದಿದ್ದರೆ, ಮಲ್ಟಿಮೀಟರ್ ಬಳಸಬಲ್ಲ ಪಂಪ್‌ಸೆಟ್ ಮೆಕ್ಯಾನಿಕ್ ಅಥವಾ ವಿದ್ಯುತ್ ಕೆಲಸದವರಿಂದ ಅಳತೆ ಮಾಡಿಸಿ. ಸಾಮಾನ್ಯವಾಗಿ ತಂತಿಗಳ ಬಣ್ಣಕ್ಕೆ ತಕ್ಕಂತೆ ಇರಬೇಕಾದ ವೋಲ್ಟೇಜು ಹೀಗಿದೆ:

ನೇರಳೆ ತಂತಿ - 5 ವೋಲ್ಟ್, ಯಂತ್ರ ಬಂದ್ ಇದ್ದಾಗಲೂ ಇರಬೇಕು
ಹಳದಿ ತಂತಿ - 12 ವೋಲ್ಟ್ (11.4ರಿಂದ 12.6)
ಕೆಂಪು ತಂತಿ - 5 ವೋಲ್ಟ್ (4.75ರಿಂದ 5.25)
ಕಿತ್ತಳೆ ತಂತಿ - 3.3 ವೋಲ್ಟ್ (3.14ರಿಂದ 3.47)
ಕಪ್ಪು ತಂತಿ - ಸೊನ್ನೆ. ಅಳತೆಯ ಒಂದು ಕಡ್ಡಿಯನ್ನು ಇದಕ್ಕೆ ಹಿಡಿಯಬೇಕು

ನೇರಳೆ ತಂತಿಯಲ್ಲಿ 5 ವೋಲ್ಟ್ ಇಲ್ಲದಿದ್ದರೆ ಎಸ್.ಎಂ.ಪಿ.ಎಸ್. ಕೆಟ್ಟಿದೆ ಎಂದು ಬಹುಮಟ್ಟಿಗೆ ತೀರ್ಮಾನಿಸಬಹುದು. ಕೆಲವು ಕಂಪನಿಗಳ ಹಳೆಯ ಯಂತ್ರಗಳಲ್ಲಿ ತಂತಿಗಳ ಕ್ರಮ ಬೇರೆಯಾಗಿದ್ದುದರಿಂದ, ಹೊಸದನ್ನು ಕೊಳ್ಳುವಾಗ ಹಳೆಯದನ್ನೇ ಅಂಗಡಿಗೆ ಒಯ್ದು ಹೋಲಿಸಿ ನೋಡಿ. ಸ್ನೇಹಿತರ ಯಂತ್ರದ ಒಳ್ಳೆಯ ಎಸ್.ಎಂ.ಪಿ.ಎಸ್. ಒಂದು ಗಂಟೆಯ ಮಟ್ಟಿಗೆ ಸಿಕ್ಕಿದರೆ, ಅದನ್ನು ಜೋಡಿಸಿ ನೋಡುವುದು ಎಲ್ಲಕ್ಕಿಂತ ಖಚಿತವಾದ ಪರೀಕ್ಷೆ.

ಚಾಲೂ ಆಗಿ ನಿಲ್ಲುವ ಯಂತ್ರ

ಸುಮಾರು ನಾಲ್ಕು ಸೆಕೆಂಡಿನಲ್ಲಿ ನಿಲ್ಲುತ್ತಿದ್ದರೆ ಮುಂಭಾಗದ ಗುಂಡಿ ಒಳಗೆ ಸಿಕ್ಕಿಕೊಂಡಿರಬಹುದು. ಗುಂಡಿಯನ್ನು ಅಷ್ಟು ಹೊತ್ತು ಒತ್ತಿ ಹಿಡಿದರೆ ಯಂತ್ರ ಬಂದ್ ಆಗುವಂತೆ ವ್ಯವಸ್ಥೆ ಇದೆ. ಒಂದೆರಡು ನಿಮಿಷ ನಡೆದು ನಿಂತರೆ ಶಾಖ ಕಾರಣ. ಮುಖ್ಯ ಚಿಪ್ಪಿನ ಮೇಲಿನ ಫ್ಯಾನು ತಿರುಗುತ್ತಿದೆಯೇ, ಅದರ ಕೆಳಗಿನ ಲೋಹದ ಹಲ್ಲುಗಳ ನಡುವೆ ಧೂಳು ಕಂಬಳಿಯಂತೆ ಕಟ್ಟಿದೆಯೇ ನೋಡಿ. ಫ್ಯಾನಿನ ಅಡಿಯಲ್ಲಿ ಶಾಖ ಸಾಗಿಸುವ ಒಂದು ಲೇಪವಿರುತ್ತದೆ. ವರ್ಷಗಳು ಕಳೆದಂತೆ ಅದು ಒಣಗುತ್ತದೆ. ಇದನ್ನು ದುರಸ್ತಿಗಾರರಿಂದ ಹೊಸದಾಗಿ ಹಾಕಿಸಿ. ಗುಂಡಿ ಒತ್ತಿದ ತಕ್ಷಣವೇ ಮಿಣುಕಿ ಆರಿದರೆ ಎಲ್ಲೋ ಶಾರ್ಟ್ ಇದೆ. ಕಳಚಿಬಿದ್ದ ಸ್ಕ್ರೂ ಒಂದು ಮದರ್‌ಬೋರ್ಡಿನ ಅಡಿಯಲ್ಲಿ ಸಿಕ್ಕಿದೆಯೇ ಹುಡುಕಿ.

ಚಾಲೂ ಮಾಡಿದಾಗ "ಬೀಪ್" ಎಂಬ ಸದ್ದು ಬಂದರೆ ಎಷ್ಟು ಸಲ, ಉದ್ದವೋ ಗಿಡ್ಡವೋ ಎಂದು ಬರೆದುಕೊಳ್ಳಿ. ಮದರ್‌ಬೋರ್ಡ್ ತನ್ನ ರೋಗವನ್ನು ಹೇಳಿಕೊಳ್ಳುವ ಭಾಷೆ ಅದು. ಇದರ ಅರ್ಥ ಒಂದೊಂದು ತಯಾರಿಕೆಯಲ್ಲಿ ಒಂದೊಂದು ಬಗೆ. ದುರಸ್ತಿಗಾರರು ತಮ್ಮ ಕೈಪಿಡಿ ನೋಡಿ ತಿಳಿದುಕೊಳ್ಳುತ್ತಾರೆ.

ಯಂತ್ರ ಸತ್ತರೂ ಲೆಕ್ಕ ಸತ್ತಿಲ್ಲ

ಇಡೀ ಲೇಖನದಲ್ಲಿ ಸಂಘದ ಕಾರ್ಯದರ್ಶಿಗಳು ಗಟ್ಟಿಯಾಗಿ ನೆನಪಿಡಬೇಕಾದ ಭಾಗ ಇದು. ಎಸ್.ಎಂ.ಪಿ.ಎಸ್. ಸುಟ್ಟರೂ, ಮದರ್‌ಬೋರ್ಡ್ ಕೆಟ್ಟರೂ ಲೆಕ್ಕಪತ್ರ ಇರುವುದು ಹಾರ್ಡ್ ಡಿಸ್ಕಿನಲ್ಲಿ. ಮನೆಯ ಬಾಗಿಲು ಮುರಿದರೂ ಪೆಟಾರಿಯೊಳಗಿನ ಪತ್ರ ಹಾಗೆಯೇ ಇರುವಂತೆ ಬಹಳ ಸಲ ಆ ಮಾಹಿತಿ ಸುರಕ್ಷಿತವಾಗಿರುತ್ತದೆ. ಹಾರ್ಡ್ ಡಿಸ್ಕನ್ನು ಬಿಚ್ಚಿ, ಯು.ಎಸ್.ಬಿ. ಜೋಡಣೆಯ ಅಡಾಪ್ಟರಿನ ಮೂಲಕ ಇನ್ನೊಂದು ಗಣಕಯಂತ್ರಕ್ಕೆ ಸೇರಿಸಿ, ಕಡತಗಳನ್ನು ನಕಲು ಮಾಡಿಕೊಳ್ಳಬಹುದು. 2003ಕ್ಕಿಂತ ಮೊದಲಿನ ಯಂತ್ರಗಳಲ್ಲಿ ಅಗಲವಾದ ಪಟ್ಟಿಯಂಥ ಕೇಬಲ್ಲಿನ ಡಿಸ್ಕು ಇರುತ್ತದೆ. ಆನಂತರ ಕಿರಿದಾದ ಕೇಬಲ್ಲಿನ ಸಾಟಾ ಡಿಸ್ಕುಗಳು ಬಳಕೆಗೆ ಬಂದವು. ಎರಡಕ್ಕೂ ಅಡಾಪ್ಟರುಗಳು ಸಿಗುತ್ತವೆ. ಸೇರಿಸಿದಾಗ "ಫಾರ್ಮ್ಯಾಟ್ ಮಾಡಲೇ?" ಎಂದು ಯಂತ್ರ ಕೇಳಿದರೆ ಖಂಡಿತವಾಗಿಯೂ ಒಪ್ಪಬೇಡಿ, ಒಪ್ಪಿದರೆ ಇದ್ದ ಲೆಕ್ಕ ಕೈತಪ್ಪಿಹೋಗುತ್ತದೆ. ಡಿಸ್ಕಿನಿಂದ "ಟಕ ಟಕ" ಸದ್ದು ಬರುತ್ತಿದ್ದರೆ ಕೂಡಲೇ ನಿಲ್ಲಿಸಿ ತಜ್ಞರ ಬಳಿ ಒಯ್ಯಿರಿ.

2022ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. ಅದರಂತೆ ಹೊಸ ಯಂತ್ರ, ಹೊಸ ತಂತ್ರಾಂಶ ಬಂದ ಸಂಘಗಳಲ್ಲಿಯೂ ಅದಕ್ಕೆ ಹಿಂದಿನ ವರ್ಷಗಳ ಸಾಲ, ಷೇರು, ಠೇವಣಿಯ ವಿವರ ಹಳೆಯ ಯಂತ್ರದಲ್ಲಿ ಉಳಿದಿರಬಹುದು. 1959ರ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮದಂತೆ ಸಂಘದ ಲೆಕ್ಕ ಪ್ರತಿ ವರ್ಷ ಪರಿಶೋಧನೆಗೆ ಒಳಗಾಗಬೇಕು. ಸಾಲ ತೀರಿಸಿದ ರೈತನಿಗೆ "ನಿಮ್ಮ ಬಾಕಿ ಇದೆ" ಎಂಬ ಮಾತು ಕೇಳಿಬಂದರೆ, ಅವನ ಪರವಾಗಿ ಸಾಕ್ಷಿ ನುಡಿಯಬೇಕಾದ್ದು ಆ ಹಳೆಯ ಲೆಕ್ಕ. ಆದ್ದರಿಂದ ಡಿಸ್ಕನ್ನು ಬಿಚ್ಚಿಟ್ಟುಕೊಳ್ಳದೆ ಯಂತ್ರವನ್ನು ಗುಜರಿಗೆ ಕೊಡಕೂಡದು. ದುರಸ್ತಿಗೆ ಕೊಡುವಾಗಲೂ "ಡಿಸ್ಕಿನಲ್ಲಿರುವುದನ್ನು ಅಳಿಸಬಾರದು" ಎಂದು ರಸೀದಿಯ ಮೇಲೆ ಬರೆಸಿಕೊಳ್ಳುವುದು ಒಳ್ಳೆಯದು.

ದುರಸ್ತಿಯೋ, ಹೊಸದೋ?

ಕೇಬಲ್ಲು, ಸೆಲ್, ಯು.ಪಿ.ಎಸ್. ಬ್ಯಾಟರಿ, ಫ್ಯಾನು, ಎಸ್.ಎಂ.ಪಿ.ಎಸ್., ರ್‍ಯಾಮ್ ಪಟ್ಟಿ - ಇವುಗಳಲ್ಲಿ ಯಾವುದಾದರೊಂದು ಕೆಟ್ಟಿದ್ದರೆ ದುರಸ್ತಿ ಮಾಡಿಸುವುದೇ ಲಾಭ. ಮದರ್‌ಬೋರ್ಡ್ ಕೆಟ್ಟಿದ್ದರೆ, ಹಳೆಯ ತಯಾರಿಕೆಗೆ ಹೊಂದುವ ಬೋರ್ಡು ಸಿಗುವುದು ಕಷ್ಟ. ಲೆಕ್ಕವನ್ನು ಉಳಿಸಿಕೊಂಡು ಹೊಸ ಯಂತ್ರಕ್ಕೆ ಹೋಗುವುದು ಲೇಸು. ಬೇಡವಾದ ಯಂತ್ರವನ್ನು ಸುಡಬೇಡಿ, ಹೊಲದ ಬದುವಿಗೆ ಎಸೆಯಬೇಡಿ. ಹಳೆಯ ಬೆಸುಗೆಯಲ್ಲಿಯೂ ಗಾಜಿನ ತೆರೆಯಲ್ಲಿಯೂ ಸೀಸವಿದ್ದು ಅದು ಮಣ್ಣು ನೀರುಗಳನ್ನು ಸೇರಬಲ್ಲದು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ವಿದ್ಯುನ್ಮಾನ ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಸಂಸ್ಕರಣಕಾರರಿಗೆ ತಲುಪುವಂತೆ ಅದನ್ನು ಒಪ್ಪಿಸಬೇಕು.

ಮುಂಜಾಗ್ರತೆ

1. ಪ್ಲಗ್ಗಿಗೆ ಸರಿಯಾದ ಅರ್ತಿಂಗ್ ಇರಲಿ. ಬೇಸಿಗೆಯಲ್ಲಿ ಅರ್ತ್ ಗುಂಡಿಗೆ ನೀರು ಹಾಕುವುದನ್ನು ಮರೆಯಬೇಡಿ.
2. ಗುಡುಗು ಸಿಡಿಲಿನ ಸೂಚನೆ ಕಂಡೊಡನೆ ಪ್ಲಗ್ಗು ಕೀಳಿ. ದೂರವಾಣಿ ಅಥವಾ ಇಂಟರ್‌ನೆಟ್ಟಿನ ತಂತಿಯನ್ನೂ ಬಿಡಿಸಿ.
3. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿಗಳಲ್ಲಿ, ವಾರಕ್ಕೆ ಎರಡು ಸಲವಾದರೂ ಅರ್ಧ ಗಂಟೆ ಯಂತ್ರವನ್ನು ನಡೆಸಿ. ಒಳಗಿನ ಬಿಸಿ ತೇವವನ್ನು ಒಣಗಿಸುತ್ತದೆ.
4. ನೆನೆದ ಯಂತ್ರವನ್ನು ಚಾಲೂ ಮಾಡಬೇಡಿ. ತಗಡು ಬಿಚ್ಚಿ ನೆರಳಿನಲ್ಲಿ, ಗಾಳಿಯಾಡುವ ಕಡೆ ಕೆಲವು ದಿನ ಒಣಗಿಸಿ.
5. ಪೆಟ್ಟಿಗೆಯನ್ನು ನೆಲದ ಮೇಲಿಡದೆ ಗೇಣೆತ್ತರದ ಮಣೆಯ ಮೇಲಿಡಿ. ಹಿಂಭಾಗದ ಖಾಲಿ ಕಿಂಡಿಗಳನ್ನು ಮುಚ್ಚಿ. ಫ್ಯಾನಿನ ದಾರಿ ಮಾತ್ರ ತೆರೆದಿರಲಿ. ಹಿಂಡಿ, ದವಸದ ಚೀಲಗಳನ್ನು ಹತ್ತಿರ ಪೇರಿಸಿದರೆ ಇಲಿಗಳು ಬರುತ್ತವೆ.
6. ಲೆಕ್ಕವನ್ನು ತಿಂಗಳಿಗೊಮ್ಮೆ ಎರಡು ಕಡೆ ನಕಲು ಮಾಡಿಡಿ. ಒಂದು ಕಚೇರಿಯಲ್ಲಿರಲಿ, ಇನ್ನೊಂದು ಬೇರೆ ಕಟ್ಟಡದಲ್ಲಿರಲಿ. ಬಿತ್ತನೆ ಬೀಜವನ್ನೆಲ್ಲಾ ಒಂದೇ ಗುಡಾಣದಲ್ಲಿ ತುಂಬಿಡುವ ರೈತನಿಲ್ಲ.

ರೈತ ಬಾಂಧವರು ಪಂಪ್‌ಸೆಟ್ಟು, ಟ್ರಾಕ್ಟರುಗಳ ಸಣ್ಣಪುಟ್ಟ ದೋಷಗಳನ್ನು ತಾವೇ ಗುರುತಿಸುವುದನ್ನು ಕಲಿತಿದ್ದಾರೆ. ಗಣಕಯಂತ್ರವೂ ಅದಕ್ಕಿಂತ ಕಠಿಣವಾದುದೇನಲ್ಲ. ಇಂದೇ ಬಿಡುವು ಮಾಡಿಕೊಂಡು, ಸರಿಯಾಗಿ ನಡೆಯುತ್ತಿರುವ ಯಂತ್ರದ ಕೆಂಪು ಸ್ವಿಚ್ಚು ಎಲ್ಲಿದೆ, ಮದರ್‌ಬೋರ್ಡಿನ ಚಿಕ್ಕ ದೀಪ ಉರಿಯುತ್ತದೆಯೇ, ಲೆಕ್ಕದ ನಕಲು ಎಂದು ತೆಗೆದದ್ದು ಎಂದು ನೋಡಿಡಿ. ಮೊದಲೆರಡನ್ನು ಯಂತ್ರ ನಿಂತ ದಿನ ನೋಡಿದರೂ ನಡೆದೀತು; ಮೂರನೆಯದನ್ನು ಮಾತ್ರ ಅಂದಿಗೆ ಬಿಡುವಂತಿಲ್ಲ.